ಭಾರತದ ಸಾರ್ವಜನಿಕ ಶಾಲಾ ಶಿಕ್ಷಣ ವ್ಯವಸ್ಥೆ: ಕೇಂದ್ರದಿಂದ ಶಾಲೆಯವರೆಗೆ

ಪೀಠಿಕೆ

ಭಾರತದ ಸಾರ್ವಜನಿಕ ಶಾಲಾ ಶಿಕ್ಷಣವು ಒಂದೇ ಕಛೇರಿಯಿಂದ ನಡೆಯುವ ವ್ಯವಸ್ಥೆಯಲ್ಲ. ನೀತಿ ನಿರೂಪಣೆ, ಪಠ್ಯಕ್ರಮ, ಅನುದಾನ, ಶಿಕ್ಷಕರ ನೇಮಕಾತಿ, ಪರೀಕ್ಷೆ ಹಾಗೂ ಶಾಲೆಯ ದೈನಂದಿನ ನಿರ್ವಹಣೆಗಳು ಬೇರೆ ಬೇರೆ ಹಂತಗಳಲ್ಲಿ ಹಂಚಿಕೆಯಾಗಿವೆ. ಯಾವ ಕಾರ್ಯವು ಯಾವ ಹಂತಕ್ಕೆ ಸೇರಿದೆ ಎಂಬ ತಿಳಿವಳಿಕೆ ಇಲ್ಲದ ಪೋಷಕರು ಕಛೇರಿಯಿಂದ ಕಛೇರಿಗೆ ಅಲೆಯುವಷ್ಟರಲ್ಲಿ ಮಗುವಿನ ಒಂದು ವರ್ಷದ ಕಲಿಕೆಯೇ ನಷ್ಟವಾಗಬಹುದು. ಆದುದರಿಂದ ಈ ವ್ಯವಸ್ಥೆಯ ರಚನೆಯನ್ನು, ಕರ್ನಾಟಕ ರಾಜ್ಯದ ಉದಾಹರಣೆಯೊಂದಿಗೆ, ಇಲ್ಲಿ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

ಸಂವಿಧಾನಾತ್ಮಕ ಹಿನ್ನೆಲೆ

ಸಂವಿಧಾನವು ಜಾರಿಗೆ ಬಂದಾಗ ಶಿಕ್ಷಣವು ಪ್ರಧಾನವಾಗಿ ರಾಜ್ಯ ಪಟ್ಟಿಯ ವಿಷಯವಾಗಿತ್ತು. 1976ರ 42ನೇ ತಿದ್ದುಪಡಿಯ ಮೂಲಕ ಅದನ್ನು ಸಮವರ್ತಿ ಪಟ್ಟಿಗೆ ವರ್ಗಾಯಿಸಲಾಯಿತು. ಇದರಿಂದ ಕೇಂದ್ರ ಮತ್ತು ರಾಜ್ಯಗಳೆರಡೂ ಈ ವಿಷಯದಲ್ಲಿ ಶಾಸನ ರಚಿಸುವ ಅಧಿಕಾರ ಪಡೆದವು. 1992ರ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ 11ನೇ ಅನುಸೂಚಿಯು ಪ್ರಾಥಮಿಕ ಹಾಗೂ ಪ್ರೌಢ ಶಾಲೆಗಳನ್ನು ಪಂಚಾಯತ್ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿತು. 2002ರ 86ನೇ ತಿದ್ದುಪಡಿಯು 21ಎ ವಿಧಿಯ ಮೂಲಕ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಸಿತು. ಈ ಹಕ್ಕನ್ನು ಕಾರ್ಯಗತಗೊಳಿಸುವ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009 ಇದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಕೇಂದ್ರದ ಹಂತ

ರಾಷ್ಟ್ರೀಯ ನೀತಿಯನ್ನು ಕೇಂದ್ರ ಸರ್ಕಾರವು ರೂಪಿಸುತ್ತದೆ. 1968, 1986 ಮತ್ತು 2020ರಲ್ಲಿ ಇಂತಹ ನೀತಿಗಳು ಪ್ರಕಟವಾಗಿವೆ. 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಪಠ್ಯಕ್ರಮದ ಚೌಕಟ್ಟನ್ನೂ ಮಾದರಿ ಪಠ್ಯಪುಸ್ತಕಗಳನ್ನೂ ಸಿದ್ಧಪಡಿಸುತ್ತದೆ. ಕೇಂದ್ರೀಯ ವಿದ್ಯಾಲಯಗಳು ಮತ್ತು ನವೋದಯ ವಿದ್ಯಾಲಯಗಳು ಕೇಂದ್ರದ ಅಧೀನದಲ್ಲಿವೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ವೆಚ್ಚವನ್ನು ಕರ್ನಾಟಕವೂ ಸೇರಿದಂತೆ ಬಹುತೇಕ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಭರಿಸುತ್ತವೆ.

ರಾಜ್ಯದ ಹಂತ

ಸರ್ಕಾರಿ ಶಾಲೆಗಳ ಬಹುಪಾಲು ರಾಜ್ಯಗಳ ಆಡಳಿತಕ್ಕೆ ಒಳಪಟ್ಟಿದೆ. ಶಾಲೆಗಳನ್ನು ತೆರೆಯುವುದು ಮತ್ತು ಶಿಕ್ಷಕರ ನೇಮಕಾತಿ, ವೇತನ, ವರ್ಗಾವಣೆಗಳು ರಾಜ್ಯದ ಹೊಣೆಗಾರಿಕೆಗಳಾಗಿವೆ. ಕರ್ನಾಟಕದಲ್ಲಿ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯು ಇವುಗಳನ್ನು ನಿರ್ವಹಿಸುತ್ತದೆ. ಪಠ್ಯವಸ್ತು ಮತ್ತು ಶಿಕ್ಷಕರ ತರಬೇತಿಯನ್ನು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ, ಪಠ್ಯಪುಸ್ತಕಗಳ ಮುದ್ರಣ ಮತ್ತು ವಿತರಣೆಯನ್ನು ಕರ್ನಾಟಕ ಪಠ್ಯಪುಸ್ತಕ ಸಂಘವೂ ನೋಡಿಕೊಳ್ಳುತ್ತವೆ. ಎಸ್.ಎಸ್.ಎಲ್.ಸಿ. ಹಾಗೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಡೆಸುತ್ತದೆ.

ಜಿಲ್ಲೆ, ತಾಲ್ಲೂಕು ಮತ್ತು ಸಮೂಹ

ಪ್ರತಿ ಶೈಕ್ಷಣಿಕ ಜಿಲ್ಲೆಗೆ ಉಪನಿರ್ದೇಶಕರು ಮುಖ್ಯಸ್ಥರಾಗಿರುತ್ತಾರೆ. ಆಡಳಿತಾತ್ಮಕ ಜಿಲ್ಲೆಗಳಲ್ಲದ ಚಿಕ್ಕೋಡಿ, ಶಿರಸಿ ಮತ್ತು ಮಧುಗಿರಿಗಳು ಶೈಕ್ಷಣಿಕ ಜಿಲ್ಲೆಗಳಾಗಿವೆ. ಅವರ ಅಧೀನದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು ಶೈಕ್ಷಣಿಕ ವಲಯದ ಶಾಲೆಗಳ ಮೇಲ್ವಿಚಾರಣೆ ನಡೆಸುತ್ತಾರೆ. ಕೆಲವು ಶಾಲೆಗಳನ್ನು ಒಂದು ಸಮೂಹವಾಗಿ ಗುರುತಿಸಲಾಗಿದ್ದು, ಸಮೂಹ ಸಂಪನ್ಮೂಲ ವ್ಯಕ್ತಿಗಳು ಶಾಲೆಗಳಿಗೆ ಭೇಟಿ ನೀಡಿ ಶಿಕ್ಷಕರಿಗೆ ಮಾರ್ಗದರ್ಶನ ಮಾಡುತ್ತಾರೆ.

ಶಾಲೆಯ ಹಂತ

ಕಾಯ್ದೆಯ 21ನೇ ಪ್ರಕರಣದಂತೆ ಶಾಲಾ ಆಡಳಿತ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗದಷ್ಟು ಮಂದಿ ತಂದೆ ತಾಯಿಯರು ಅಥವಾ ಪೋಷಕರಾಗಿರತಕ್ಕದ್ದು. ಒಟ್ಟು ಸದಸ್ಯರಲ್ಲಿ ಶೇ. 50ರಷ್ಟು ಮಹಿಳೆಯರಿರತಕ್ಕದ್ದು. ಕರ್ನಾಟಕದಲ್ಲಿ 2001ರಿಂದಲೇ ರಚನೆಯಾಗುತ್ತಾ ಬಂದಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ., ಈ ಕಾರ್ಯ ನಿರ್ವಹಿಸುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಮತ್ತು ಅನುದಾನದ ಬಳಕೆಯನ್ನು ಗಮನಿಸುವುದು ಇಂತಹ ಸಮಿತಿಯ ಕರ್ತವ್ಯಗಳಾಗಿವೆ.

ಸ್ಥಳಾಂತರಗೊಂಡ ಮಗುವಿನ ಹಕ್ಕುಗಳು

ಕೆಲಸವನ್ನರಸಿ ಕಲಬುರಗಿ ಅಥವಾ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಬಂದ ಕುಟುಂಬದ ಮಗುವು ವರ್ಷದ ನಡುವೆ ಹೊಸ ಸರ್ಕಾರಿ ಶಾಲೆಯ ಬಾಗಿಲಿಗೆ ಬರುತ್ತದೆ. ಮಗುವಿನ ಬಳಿ ದಾಖಲೆಗಳಿಲ್ಲದಿರಬಹುದು. ಇಂತಹ ಸಂದರ್ಭದಲ್ಲಿ ಕಾಯ್ದೆಯು ಈ ಕೆಳಕಂಡ ರಕ್ಷಣೆಗಳನ್ನು ಒದಗಿಸುತ್ತದೆ:

1. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 14).
2. ದಾಖಲಾತಿಯ ಅವಧಿ ಮುಗಿದಿದೆ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 15).
3. ವರ್ಗಾವಣೆ ಪ್ರಮಾಣಪತ್ರ ತಡವಾದರೂ ಪ್ರವೇಶವನ್ನು ವಿಳಂಬಿಸುವಂತಿಲ್ಲ (ಪ್ರಕರಣ 5).
4. ಶಾಲೆಗೆ ಸೇರದ ಅಥವಾ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸತಕ್ಕದ್ದು. ಇತರ ಮಕ್ಕಳೊಂದಿಗೆ ಸಮನಾಗಲು ವಿಶೇಷ ತರಬೇತಿ ಪಡೆಯುವ ಹಕ್ಕು ಆ ಮಗುವಿಗಿದೆ. 14 ವರ್ಷ ತುಂಬಿದ ನಂತರವೂ 8ನೇ ತರಗತಿ ಪೂರ್ಣಗೊಳ್ಳುವವರೆಗೆ ಶಿಕ್ಷಣ ಉಚಿತವಾಗಿರುತ್ತದೆ (ಪ್ರಕರಣ 4).

ಅಹವಾಲು ಸಲ್ಲಿಸುವ ಕ್ರಮ

ಪ್ರವೇಶಕ್ಕೆ ಸಂಬಂಧಿಸಿದ ತೊಂದರೆಯನ್ನು ಮೊದಲು ಮುಖ್ಯೋಪಾಧ್ಯಾಯರು ಮತ್ತು ಸಮಿತಿಯ ಗಮನಕ್ಕೆ, ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರಬಹುದು. ಕಾಯ್ದೆಯ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಿದಲ್ಲಿ ಅದನ್ನು 3 ತಿಂಗಳೊಳಗೆ ತೀರ್ಮಾನಿಸತಕ್ಕದ್ದು. ತೀರ್ಮಾನದಿಂದ ಬಾಧಿತರಾದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರು ಇತ್ಯರ್ಥವಾಗುವವರೆಗೆ ಮಗುವು ತರಗತಿಯಿಂದ ಹೊರಗುಳಿಯದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯವಾದುದು. ಮೇಲಿನ ಎಲ್ಲ ಹಂತಗಳೂ ಆ ಮಗುವಿಗಾಗಿಯೇ ಏರ್ಪಟ್ಟಿವೆ.