ನೆರೆಯವರ ಮರ, ನಮ್ಮ ತೋಟ

ಕಾಫಿ ಕೊಯ್ಲು ಮುಗಿದು, ಅಡಿಕೆಯ ಕೆಲಸವೂ ಒಂದು ಹದಕ್ಕೆ ಬಂದಿರುವ ಈ ದಿನಗಳಲ್ಲಿ ಬೆಳೆಗಾರನಿಗೆ ತುಸು ಬಿಡುವು. ಹೂಮಳೆ ಬೀಳುವುದಕ್ಕೆ ಮೊದಲು ಒಂದು ದಿನ ಬೆಳಗ್ಗೆ ಬೇಲಿಗುಂಟ ನಡೆದು ಬನ್ನಿರೆಂದು ಸದಸ್ಯ ಬಾಂಧವರನ್ನು ಕೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ. ನೋಡಬೇಕಾದದ್ದು ಬೇಲಿಯನ್ನಲ್ಲ, ಬೇಲಿಯಾಚೆ ನಿಂತು ನಮ್ಮ ಕಡೆಗೆ ಕೈಚಾಚಿರುವ ಮರಗಳನ್ನು.

ಮಳೆಗಾಲದಲ್ಲಿ ಮರ ಬಿದ್ದ ಮೇಲೆ ಓಡಾಡುವವರು ಬಹಳ ಮಂದಿ. ಬೀಳುವ ಮೊದಲು ಒಂದು ಕಾಗದ ಬರೆದವರು ಕಡಿಮೆ. ಹೀಗೆ ಹೇಳುವ ನಾನೂ ಬರೆದವನಲ್ಲ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ತೋಟದ ಪಡುವಣ ಗಡಿಯಲ್ಲಿ, ಪಕ್ಕದವರ ಜಾಗದಲ್ಲಿ, ಒಂದು ದೊಡ್ಡ ಗೋಣಿ ಮರವಿತ್ತು. ಅದರ ಒಂದು ಕೊಂಬೆ ನಮ್ಮ ಲೈನು ಮನೆಯ ಹೆಂಚಿನ ಮೇಲೇ ಬಂದಿತ್ತು. ಪಕ್ಕದ ತೋಟದ ಹಿರಿಯರು ನನ್ನ ತಂದೆಯ ಸರೀಕರು. ಅವರೊಡನೆ ಗಟ್ಟಿಯಾಗಿ ಮಾತಾಡುವುದು ನನಗೆ ಸಂಕೋಚ. ಎರಡು ಮೂರು ಸಲ ಮದುವೆ ಮನೆಯಲ್ಲೋ ಸಂತೆಯಲ್ಲೋ ಸಿಕ್ಕಾಗ ಪ್ರಸ್ತಾಪಿಸಿದೆ. "ಅದು ನಮ್ಮಜ್ಜನ ಕಾಲದ ಮರ ಮಾರಾಯ್ರೇ, ನಿಮ್ಮಪ್ಪ ಇದ್ದಾಗಲೂ ಅಲ್ಲೇ ಇತ್ತಲ್ಲ" ಎಂದರು. ನಾನು ಸುಮ್ಮನಾದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಆ ಮರ ಬುಡಸಹಿತ ನಮ್ಮ ಕಡೆಗೆ ಬಿತ್ತು. ಹದಿನೈದು ಅಡಿಕೆ ಮರ, ಲೆಕ್ಕವಿಲ್ಲದಷ್ಟು ಕಾಫಿ ಗಿಡ, ಲೈನು ಮನೆಯ ಅರ್ಧ ಮಾಡು ಹೋಯಿತು. ಆ ಮನೆಯಲ್ಲಿದ್ದ ಹೆಂಗಸು ಪಕ್ಕದ ಮನೆಗೆ ಬೆಂಕಿಪೊಟ್ಟಣ ಕೇಳಲು ಹೋಗಿದ್ದರಿಂದ ಉಳಿದಳು.

ನಷ್ಟ ಕೇಳಲು ಹೊರಟಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮರ ಅಪಾಯದಲ್ಲಿದೆಯೆಂದು ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ, ಬಿದ್ದ ಬುಡವನ್ನು ನೋಡಿದಾಗ ಕಂಡದ್ದು. ಹಿಂದಿನ ಬೇಸಗೆಯಲ್ಲಿ ದನ ನುಗ್ಗದಂತೆ ನಾನೇ ಗಡಿ ಅಗಳು ತೋಡಿಸಿದ್ದೆ. ನಮ್ಮ ಕಡೆಯ ದಪ್ಪ ಬೇರುಗಳೆಲ್ಲ ಆ ಅಗಳಿನ ಅಂಚಿನಲ್ಲಿ ಕಡಿದು ಹೋಗಿದ್ದವು. ಹಿರಿಯರು ಬಂದು ನೋಡಿ, ಆ ಬೇರಿನ ತುದಿಯನ್ನು ಊರುಗೋಲಿನಿಂದ ಮುಟ್ಟಿ ತೋರಿಸಿದರು. ಮಾತಾಡಲಿಲ್ಲ. ಮರದ ದಿಮ್ಮಿಯನ್ನು ಅವರೇ ಸಾಗಿಸಿಕೊಂಡರು, ಮಾಡನ್ನು ನಾನೇ ಹೊದಿಸಿದೆ.

ಯಾವ ಮರಕ್ಕೆ ಅಂಜಬೇಕು

ಚಾಚಿದ ಮರವೆಲ್ಲ ಅಪಾಯದ ಮರವಲ್ಲ. ನಮ್ಮಲ್ಲಿ ಮುಂಗಾರಿನ ಗಾಳಿ ನೈಋತ್ಯ ದಿಕ್ಕಿನಿಂದ ಬರುವುದರಿಂದ ಪಡುವಣ ಮತ್ತು ತೆಂಕಣ ಗಡಿಯ ಮರಗಳನ್ನು ಮೊದಲು ನೋಡಬೇಕು. ಅವು ಬಿದ್ದರೆ ಹೆಚ್ಚಾಗಿ ನಮ್ಮ ಮೇಲೆಯೇ. ಮೂಡಣ ಗಡಿಯಲ್ಲಿರುವ ನಮ್ಮ ಮರಗಳು ಇದೇ ಲೆಕ್ಕದಲ್ಲಿ ಇನ್ನೊಬ್ಬರ ಮೇಲೆ ಬೀಳುವಂಥವು ಎಂಬುದನ್ನೂ ಮರೆಯಬಾರದು.

ಬುಡದಲ್ಲಿ ನಾಯಿಕೊಡೆಯಂಥ ಅಣಬೆ ಎದ್ದಿದ್ದರೆ ಒಳಗೆ ಕೊಳೆ ಹಿಡಿದಿದೆ ಎಂದು ತಿಳಿಯಬೇಕು. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಮೊದಲಿನಿಂದ ಓರೆಯಾಗಿ ಬೆಳೆದ ಮರ ಅಷ್ಟು ಭಯವಲ್ಲ, ಅದು ತನ್ನ ಭಾರಕ್ಕೆ ತಕ್ಕಂತೆ ಬೇರು ಬಿಟ್ಟಿರುತ್ತದೆ. ನೆಟ್ಟಗಿದ್ದ ಮರ ಈಚೆಗೆ ವಾಲಿದ್ದು, ವಾಲಿದ್ದಕ್ಕೆ ಎದುರು ಬದಿಯಲ್ಲಿ ಮಣ್ಣು ಬಿರಿದಿದ್ದರೆ ಅಥವಾ ಉಬ್ಬಿದ್ದರೆ ಅದರ ಕೆಳಗೆ ಆಳುಗಳನ್ನು ಬಿಡಬಾರದು. ನೆರೆಯವರು ಒಳಗಿನ ಮರಗಳನ್ನು ತೆಗೆಸಿ ಗಡಿಯ ಒಂದು ಸಾಲನ್ನು ಮಾತ್ರ ಉಳಿಸಿದ್ದರೆ, ಆ ಸಾಲು ಅಲ್ಲಿಯವರೆಗೆ ಗಾಳಿಯ ಹೊಡೆತ ಕಂಡಿರುವುದಿಲ್ಲ. ಮೊದಲ ಮಳೆಗಾಲದಲ್ಲೇ ಉರುಳಬಹುದು. ಹಾಲುವಾಣದ ಮರ ಮೆದು, ಕೊಂಬೆ ಸುಲಭವಾಗಿ ಮುರಿಯುತ್ತದೆ. ಎತ್ತರಕ್ಕೆ ಹೋದ ಸಿಲ್ವರ್ ಗಾಳಿಗೆ ನಡುವಿನಲ್ಲೇ ತುಂಡಾಗುವುದುಂಟು. ಇನ್ನು ರಸ್ತೆ ಅಗಲಿಸಲು, ಪೈಪು ಹಾಕಲು, ಅಗಳು ತೋಡಲು ಯಂತ್ರ ಬಂದು ಹೋದ ಜಾಗದಲ್ಲಿ ಎಲೆ ಹಸಿರಾಗಿದ್ದ ಮಾತ್ರಕ್ಕೆ ಮರವನ್ನು ನಂಬಕೂಡದು.

ಕತ್ತಿ ಎಲ್ಲಿಯವರೆಗೆ

"ನಮ್ಮ ಜಾಗದ ಮೇಲೆ ಬಂದ ಕೊಂಬೆ, ಕಡಿದರೆ ಏನು?" ಎಂಬ ಪ್ರಶ್ನೆ ಎಲ್ಲರದೂ. ಕಡಿಯಬಹುದು, ಆದರೆ ಗಡಿಯವರೆಗೆ ಮಾತ್ರ. ಇದು ಹಳೆಯ ನ್ಯಾಯ. ಇಂಗ್ಲೆಂಡಿನ ಪ್ರಭುಗಳ ಸಭೆ ಲೆಮನ್ ಮತ್ತು ವೆಬ್ ಎಂಬವರ ನಡುವಿನ ವ್ಯಾಜ್ಯದಲ್ಲಿ 1894ರಲ್ಲಿ ಹೇಳಿದ್ದು ಇದನ್ನೇ: ಪಕ್ಕದವನ ಜಾಗದೊಳಗೆ ಕಾಲಿಡದೆ, ತನ್ನ ಜಾಗದಲ್ಲಿ ನಿಂತು, ತನ್ನ ಮೇಲೆ ಚಾಚಿದ ಕೊಂಬೆಯನ್ನು ಒಬ್ಬನು ಕಡಿಯಬಹುದು. ಬಹುಕಾಲದಿಂದ ಚಾಚಿಕೊಂಡಿದೆ ಎಂಬ ಕಾರಣಕ್ಕೆ ಮರದ ಯಜಮಾನನಿಗೆ ಹಾಗೆಯೇ ಚಾಚಿಕೊಂಡಿರುವ ಹಕ್ಕು ಹುಟ್ಟುವುದಿಲ್ಲ. ನಮ್ಮ ದೇಶದ ನ್ಯಾಯಾಲಯಗಳೂ ಈ ತತ್ತ್ವವನ್ನು ಒಪ್ಪಿವೆ. ಆದ್ದರಿಂದ "ನಿಮ್ಮಪ್ಪನ ಕಾಲದಲ್ಲೂ ಇತ್ತು" ಎಂಬ ಮಾತು ಕಾನೂನಿನಲ್ಲಿ ಉತ್ತರವಲ್ಲ. ಬೇರಿಗೂ ಇದೇ ನಿಯಮ. ಆದರೆ ಬೇರು ಕಡಿದು ಮರವನ್ನು ಅಪಾಯಕ್ಕೆ ತಂದವನು ಆಮೇಲೆ ನಷ್ಟ ಕೇಳಲು ಹೋದರೆ ನನ್ನ ಪಾಡೇ ಆದೀತು.

ಹೀಗೆ ಕಡಿದ ಕೊಂಬೆಯೂ ಅದರಲ್ಲಿದ್ದ ಕಾಯಿಯೂ ಮರದ ಯಜಮಾನನವು. ಪಕ್ಕದವರ ಹಲಸಿನ ಕೊಂಬೆ ಕಡಿದು ಸೌದೆಯನ್ನು ನಮ್ಮ ಕೊಟ್ಟಿಗೆಗೆ ಸಾಗಿಸಿದರೆ ನ್ಯಾಯ ತಲೆಕೆಳಗಾಗುತ್ತದೆ. ಕೊಂಬೆಯನ್ನು ಗಡಿಯ ಬಳಿ ಒಟ್ಟಿ ಹೇಳಿ ಕಳುಹಿಸುವುದು ಸರಿಯಾದ ಕ್ರಮ.

ಗಡಿ ಎಲ್ಲಿ ಎಂಬುದೇ ಖಚಿತವಿಲ್ಲದ ತೋಟಗಳು ನಮ್ಮಲ್ಲಿ ಬಹಳ. ಕಲ್ಲು ಮುಚ್ಚಿಹೋಗಿರುತ್ತದೆ, ಬೇಲಿ ಎರಡು ತಲೆಮಾರಿನಲ್ಲಿ ಅತ್ತಿತ್ತ ಸರಿದಿರುತ್ತದೆ. ತಕರಾರಿದ್ದರೆ ಮರಕ್ಕೆ ಕತ್ತಿ ಹಾಕುವ ಮೊದಲು ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರಿಂದ ಅಳತೆ ಮಾಡಿಸಿಕೊಳ್ಳಬೇಕು. ಅಪಾಯದ ಮರ ಕೊನೆಗೆ ನಮ್ಮದೇ ಎಂದು ಆಗುವುದೂ ಉಂಟು.

ರಾತ್ರಿ ಹೊತ್ತು ಬುಡದ ತೊಗಟೆ ಸುತ್ತ ಸುಲಿಯುವುದು, ತೂತು ಕೊರೆದು ಏನೇನೋ ತುಂಬುವುದು ಕೆಲವರ ಜಾಣತನ. ಅಪರಾಧವೆಂಬುದು ಹಾಗಿರಲಿ, ಹಸಿ ಮರಕ್ಕಿಂತ ಒಣಮರ ಹೆಚ್ಚು ಅಪಾಯ; ಅದು ಬೀಳುವುದೂ ನಮ್ಮ ಮೇಲೇ.

ಅರಣ್ಯ ಇಲಾಖೆಯ ಅನುಮತಿ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಲ್ಲಿ ಬಂದಿತು. ಖಾಸಗಿ ಜಮೀನಿನ ಮರ ಕಡಿಯಲೂ ಅದರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್, ಹಾಲುವಾಣ, ನೀಲಗಿರಿ, ಗಾಳಿಮರ, ರಬ್ಬರ್, ತೆಂಗು, ಗ್ಲಿರಿಸಿಡಿಯಾ ಮುಂತಾದ ಕೆಲವು ಜಾತಿಗಳನ್ನು ಮಾತ್ರ ಕಾಯಿದೆಯೇ ಹೊರಗಿಟ್ಟಿದೆ. ಇಲ್ಲಿ 'ಕಡಿಯುವುದು' ಎಂದರೆ ಬುಡ ಕಡಿಯುವುದಷ್ಟೇ ಅಲ್ಲ, ಕೊಂಬೆ ಸವರುವುದು ಮತ್ತು ತೊಗಟೆ ಸುಲಿಯುವುದೂ ಸೇರುತ್ತವೆ. ಆದುದರಿಂದ ಬೀಟೆ, ತೇಗ, ಹೊನ್ನೆಯಂಥ ಮರದ ದೊಡ್ಡ ಕೊಂಬೆ ನಮ್ಮ ಮೇಲಿದ್ದರೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸದೆ ಕೈಹಾಕುವುದು ಕ್ಷೇಮವಲ್ಲ.

ಇದೇ ಕಾಯಿದೆ ನಮಗೆ ಅನುಕೂಲವಾದ ಒಂದು ಮಾತನ್ನೂ ಹೇಳುತ್ತದೆ. ಒಣಗಿದ, ರೋಗ ತಗುಲಿದ, ಗಾಳಿಗೆ ಉರುಳಿದ ಮರಕ್ಕೂ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಾಗಿರುವ ಮರಕ್ಕೂ ಅನುಮತಿ ನಿರಾಕರಿಸುವಂತಿಲ್ಲ. "ಇಲಾಖೆಯವರು ಬಿಡುವುದಿಲ್ಲ" ಎಂದು ನೆರೆಯವರು ಕೈಚೆಲ್ಲಿದರೆ ಇದನ್ನು ಅವರಿಗೆ ತಿಳಿಸಿ. ಅರ್ಜಿಗೆ ಸಹಿ ಹಾಕಬೇಕಾದವರು ಅವರು. ಬರೆಸಿಕೊಟ್ಟು ಜೊತೆಗೆ ಕಚೇರಿಗೆ ಹೋಗಿಬರಲು ನಾವು ಅಡ್ಡಿಯೇನು? ಕೊಡಗಿನಲ್ಲಿ ಮಾತ್ರ ಮೊದಲು ಪಹಣಿ ನೋಡಬೇಕು. 'ಅನ್‌ರಿಡೀಮ್ಡ್' ಎಂದಿರುವ ಬಾಣೆಯಲ್ಲಿ ಮರದ ಹಕ್ಕು ಸರ್ಕಾರದ್ದಾಗಿರುವುದರಿಂದ ಅಲ್ಲಿ ನೆರೆಯವರನ್ನು ಎಷ್ಟು ಒತ್ತಾಯಿಸಿದರೂ ಫಲವಿಲ್ಲ.

ಮಾತು ಮತ್ತು ಕಾಗದ

ಮೊದಲು ಮಾತು. ದಾರಿಯಲ್ಲಿ ಸಿಕ್ಕಾಗ ಆಡುವ ಮಾತಲ್ಲ. ಅವರನ್ನು ಕರೆದುಕೊಂಡು ಹೋಗಿ ಮರದ ಬುಡದಲ್ಲಿ ನಿಂತು ತೋರಿಸುವ ಮಾತು. ಅವರ ಅಡಚಣೆ ಏನೆಂದು ಕೇಳಬೇಕು. ಬಹಳ ಸಲ ಅದು ಮರದ ಮೋಹವಲ್ಲ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಫಲ ಕೊಡುತ್ತಿರುವ ಬಳ್ಳಿಯನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಿಲ್ಲ. ಮರ ಪೂರ್ತಿ ತೆಗೆಯದೆ ನಮ್ಮ ಕಡೆಯ ಭಾರ ಇಳಿಸಿದರೆ ಬಳ್ಳಿಯೂ ಉಳಿಯುತ್ತದೆ. ಕೊಂಬೆ ಬೀಳಬೇಕಾದದ್ದು ನಮ್ಮ ಗಿಡಗಳ ಮೇಲೆ, ಹಗ್ಗ ಕಟ್ಟಿ ಇಳಿಸಲು ಜಾಗ ಬೇಕಾದದ್ದು ನಮ್ಮಲ್ಲಿ. ಹಾಗಾಗಿ ಮರಗಸಿಯವರ ಕೂಲಿಯಲ್ಲಿ ಪಾಲು ಕೊಡುತ್ತೇವೆಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಹಕ್ಕಿನ ಲೆಕ್ಕದಲ್ಲಿ ಕೊಡಬೇಕಾಗಿಲ್ಲದಿರಬಹುದು, ಮುರಿದ ಅಡಿಕೆ ಮರದ ಲೆಕ್ಕದಲ್ಲಿ ಅದು ಅಗ್ಗ. ಈಗ ನೆಟ್ಟ ಅಡಿಕೆ ಸಸಿ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು.

ಮಾತಾದ ಮೇಲೆ ಕಾಗದ. ಮಾತು ಚೆನ್ನಾಗಿ ನಡೆದಿದ್ದರೂ ಕಾಗದ ಬೇಕು. ಕಾರಣ ಇಷ್ಟೆ: ಗಟ್ಟಿಯಾಗಿದ್ದ ಮರ ಬಿರುಗಾಳಿಗೆ ಬಿದ್ದರೆ ಅದು ದೈವಕೃತ್ಯ, ಯಾರ ತಪ್ಪೂ ಅಲ್ಲ. ಕೆಟ್ಟಿದೆಯೆಂದು ಗೊತ್ತಿದ್ದೂ ಬಿಟ್ಟ ಮರ ಬಿದ್ದರೆ ಅದು ಅಲಕ್ಷ್ಯ, ನಷ್ಟಕ್ಕೆ ಯಜಮಾನ ಹೊಣೆ. ಆತನಿಗೆ ಗೊತ್ತಿತ್ತೆಂದು ತೋರಿಸುವುದು ಆ ಕಾಗದವೇ. ವಕೀಲರ ನೋಟೀಸಿನ ಬಿರುಸು ಬೇಡ. ಹೀಗೆ ಬರೆದರೆ ಸಾಕು:

"ಮಾನ್ಯರೇ, ನಮ್ಮ ತೋಟದ ಪಡುವಣ ಗಡಿಯಲ್ಲಿ ತಮ್ಮ ಜಾಗದಲ್ಲಿರುವ ಗೋಣಿ ಮರದ ಬುಡದಲ್ಲಿ ಪೊಟರೆ ಬಿದ್ದು ಅಣಬೆ ಎದ್ದಿರುವುದನ್ನು ತಾವೂ ನಾನೂ ಕೂಡಿ ನೋಡಿರುತ್ತೇವೆ. ಅದರ ಕೊಂಬೆ ಜನ ವಾಸವಿರುವ ನಮ್ಮ ಲೈನು ಮನೆಯ ಮೇಲೆ ಬಂದಿದೆ. ಮಳೆಗಾಲಕ್ಕೆ ಮುಂಚೆ ಇದನ್ನು ಇಳಿಸಿಕೊಡಬೇಕಾಗಿ ಕೋರುತ್ತೇನೆ. ಕೆಲಸಕ್ಕೆ ನಮ್ಮ ಕಡೆಯಿಂದ ಇಬ್ಬರು ಆಳು ಕೊಡಲು ಸಿದ್ಧನಿದ್ದೇನೆ."

ದಿನಾಂಕ, ಸರ್ವೆ ನಂಬರು ಹಾಕಿ, ಒಂದು ಪ್ರತಿ ಇಟ್ಟುಕೊಂಡು, ಕೈಯಲ್ಲಿ ಕೊಟ್ಟರೆ ಸಹಿ ಪಡೆಯಿರಿ. ಅಂಚೆಯಲ್ಲಾದರೆ ತಲುಪಿದ ದಾಖಲೆ ಇರುವಂತೆ ಕಳುಹಿಸಿ. ಮೊಬೈಲಿನಲ್ಲಿ ಮರದ ಎರಡು ಫೋಟೋ ತೆಗೆದಿಡಿ.

ಇದಕ್ಕೂ ಜಗ್ಗದಿದ್ದರೆ ದಾರಿ ಎರಡು. ಬೀಳುವ ಸ್ಥಿತಿಯ ಮರದಿಂದ ಅಕ್ಕಪಕ್ಕದಲ್ಲಿ ವಾಸಿಸುವವರಿಗೆ, ಕೆಲಸ ಮಾಡುವವರಿಗೆ ಅಥವಾ ದಾರಿಹೋಕರಿಗೆ ಅಪಾಯವಿದ್ದರೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಮರ ತೆಗೆಸುವಂತೆ ಅಥವಾ ಊರೆ ಕೊಡುವಂತೆ ಆದೇಶಿಸುವ ಅಧಿಕಾರ ಅವರಿಗಿದೆ. ಹಿಂದೆ ಇದು 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು. ಈ ಕಲಮು ಜನರ ಅಪಾಯಕ್ಕೆ. ಬೆಳೆಯ ಮೇಲೆ ನೆರಳು ಬಿತ್ತೆಂಬ ದೂರಿಗಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯವೇ ಗತಿ, ಅಲ್ಲಿಗೆ ಹೋದರೆ ಮುಂದಿನ ಮಳೆಗಾಲದೊಳಗೆ ಬಗೆಹರಿಯುತ್ತದೆಂಬ ಭರವಸೆ ಬೇಡ. ಮರ ವಿದ್ಯುತ್ ತಂತಿಯ ಮೇಲಿದ್ದರೆ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಬರೆದುಕೊಡಿ, ಅವರು ಲೈನು ನಿಲ್ಲಿಸದೆ ಯಾರನ್ನೂ ಮರ ಹತ್ತಿಸಬೇಡಿ. ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಸತ್ತ ಮರಗಸಿಯ ಹುಡುಗರ ಸುದ್ದಿ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ.

ಕಡಿದ ಮೇಲೆ

ಕೆಲಸವನ್ನು ಕೊಯ್ಲು ಮುಗಿದು ಹೂವು ಬರುವುದರೊಳಗೆ ಮುಗಿಸುವುದು ಮೇಲು. ಕಾಯಿ ಕಚ್ಚಿದ ಗಿಡದ ಮೇಲೆ ಕೊಂಬೆ ಕೆಡವಿದರೆ ಆ ವರ್ಷದ ಫಸಲು ಹೋದಂತೆ. ಆದರೆ ಮರ ಹೋದ ಸಂತೋಷದಲ್ಲಿ ಇನ್ನೊಂದನ್ನು ಮರೆಯುತ್ತೇವೆ. ಪಡುವಣ ಗಡಿಯ ಆ ಮರವೇ ಮಧ್ಯಾಹ್ನದ ಬಿಸಿಲಿಗೆ ನಮ್ಮ ಅಡಿಕೆಗೆ ಮರೆಯಾಗಿರುತ್ತದೆ. ಅದು ಒಮ್ಮೆಗೇ ಹೋದರೆ ಅಡಿಕೆ ಮರದ ಕಾಂಡದ ನೈಋತ್ಯ ಬದಿ ಬಿಸಿಲಿಗೆ ಬೆಂದು ಹಳದಿ ತಿರುಗಿ, ಬಿರಿದು, ಕೆಲವು ವರ್ಷಗಳಲ್ಲಿ ಮರ ಅಲ್ಲೇ ಮುರಿಯುತ್ತದೆ. ಅರೇಬಿಕಾ ಇದ್ದಲ್ಲಿ ತೆರೆದ ಬಿಸಿಲಿನ ಜಾಗವನ್ನು ಬಿಳಿ ಕಾಂಡಕೊರಕ ಹುಡುಕಿಕೊಂಡು ಬರುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅದರ ಹಾರಾಟದ ಕಾಲ. ರೊಬಸ್ಟಾಕ್ಕೆ ಈ ಭಯವಿಲ್ಲ.

ಆದುದರಿಂದ ಸಾಧ್ಯವಿದ್ದರೆ ಮರವನ್ನು ಎರಡು ವರ್ಷದಲ್ಲಿ ಹಂತಹಂತವಾಗಿ ಇಳಿಸಿ. ಒಮ್ಮೆಲೇ ತೆಗೆಯಬೇಕಾಗಿ ಬಂದರೆ ಬಯಲಾದ ಅಡಿಕೆ ಸಾಲಿಗೆ ಅದೇ ವಾರ ಹಾಳೆ ಕಟ್ಟಿ ಅಥವಾ ಸುಣ್ಣ ಬಳಿಸಿ. ಹಾಲುವಾಣದ ಗೂಟವನ್ನು ಮುಂಗಾರಿನ ಆರಂಭದಲ್ಲೇ ನೆಡಿ; ಬೇಲಿಯ ಮೇಲಲ್ಲ, ನಮ್ಮ ಜಾಗದಲ್ಲಿ ಸಾಕಷ್ಟು ಒಳಗೆ.