ಪೆಟ್ರೋಲ್ ಇದ್ದರೂ ನಿಲ್ಲುವ ಬೈಕ್: ಟ್ಯಾಂಕ್ ಮುಚ್ಚಳದ ಗಾಳಿರಂಧ್ರವನ್ನು ಮೊದಲು ನೋಡಿ

ಗೋಕಾಕ: ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿದೆ, ಪ್ಲಗ್ ಹೊಸದು, ಬ್ಯಾಟರಿಯೂ ಚೆನ್ನಾಗಿದೆ. ಆದರೂ ಗೋಕಾಕದಿಂದ ಮೂಡಲಗಿಗೆ ಹೊರಟ ಬೈಕ್ ನಾಲ್ಕೈದು ಕಿಲೋಮೀಟರ್ ಸಾಗುವಷ್ಟರಲ್ಲಿ ಎಳೆತ ಕಳೆದುಕೊಂಡು, ಒಂದೆರಡು ಬಾರಿ ಕೆಮ್ಮಿ, ರಸ್ತೆಯ ಬದಿಯಲ್ಲಿ ನಿಂತುಬಿಡುತ್ತದೆ. ಸವಾರ ಹತ್ತು ನಿಮಿಷ ಮರದ ನೆರಳಿನಲ್ಲಿ ಕುಳಿತು ಮತ್ತೆ ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ. ಮತ್ತೆ ನಾಲ್ಕೈದು ಕಿಲೋಮೀಟರಿಗೆ ಅದೇ ಕಥೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ನಿಂತಲ್ಲೇ ಸರಿಯಾಗಿ ಓಡುತ್ತದೆ. ಕಾರ್ಬುರೇಟರ್ ಬಿಚ್ಚಿ ತೊಳೆಯಲಾಗುತ್ತದೆ, ಪ್ಲಗ್ ಬದಲಾಗುತ್ತದೆ, ಕಾಯಿಲ್ ಬದಲಾಗುತ್ತದೆ. ಹಣ ಖರ್ಚಾಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ಇಂತಹ ದೋಷಕ್ಕೆ ಅನೇಕ ಬಾರಿ ಕಾರಣವಾಗುವುದು ಟ್ಯಾಂಕಿನ ಮುಚ್ಚಳದಲ್ಲಿರುವ, ಬರಿಗಣ್ಣಿಗೆ ಸುಲಭವಾಗಿ ಕಾಣಿಸದ ಒಂದು ಕಿರಿದಾದ ಗಾಳಿರಂಧ್ರ. ಅದು ಮುಚ್ಚಿಹೋದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಓಡಲಾರದು. ಇದು ಕೇವಲ ಖರ್ಚಿನ ಪ್ರಶ್ನೆಯೂ ಅಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರಸ್ತೆಗಳಲ್ಲಿ ಜೋಡಿ ಟ್ರೇಲರ್‌ಗಳ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತಿರುತ್ತವೆ. ಅವುಗಳನ್ನು ಹಿಂದಿಕ್ಕುವ ಹೊತ್ತಿಗೇ ಬೈಕ್ ಎಳೆತ ಕಳೆದುಕೊಂಡರೆ ಸವಾರನ ಪ್ರಾಣಕ್ಕೇ ಸಂಚಕಾರ.

ಪೆಟ್ರೋಲ್ ಹೊರಹೋದಷ್ಟು ಗಾಳಿ ಒಳಬರಬೇಕು

ಎಣ್ಣೆಯ ಡಬ್ಬಿಗೆ ಒಂದೇ ತೂತು ಕೊರೆದು ಬಗ್ಗಿಸಿದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಎದುರು ಬದಿಯಲ್ಲಿ ಮತ್ತೊಂದು ತೂತು ಕೊರೆದರೆ ಧಾರೆ ಸರಾಗವಾಗುತ್ತದೆ. ಅಡುಗೆಮನೆಯ ಈ ಅನುಭವವೇ ಬೈಕಿನ ಟ್ಯಾಂಕಿಗೂ ಅನ್ವಯಿಸುತ್ತದೆ.

ಕಾರ್ಬುರೇಟರ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲನ್ನು ತಳ್ಳುವ ಪಂಪ್ ಇರುವುದಿಲ್ಲ. ಟ್ಯಾಂಕ್ ಮೇಲಿದೆ, ಕಾರ್ಬುರೇಟರ್ ಕೆಳಗಿದೆ. ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯುತ್ತದೆ. ಇವೆರಡರ ನಡುವಿನ ಎತ್ತರ 20 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ, ಆ ಪೆಟ್ರೋಲಿನ ಒತ್ತಡ ವಾತಾವರಣದ ಒತ್ತಡದ ನೂರರಲ್ಲಿ ಒಂದೂವರೆ ಪಾಲು ಮಾತ್ರ. ಅಂದರೆ ಟ್ಯಾಂಕಿನೊಳಗಿನ ಗಾಳಿಯ ಒತ್ತಡ ಅಷ್ಟು ಅಲ್ಪ ಪ್ರಮಾಣದಲ್ಲಿ ಕುಸಿದರೂ ಸಾಕು, ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ.

ಇನ್ನೊಂದು ಲೆಕ್ಕ ನೋಡೋಣ. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ನಿಮಿಷಕ್ಕೆ ಸುಮಾರು 17 ಮಿಲಿಲೀಟರ್ ಪೆಟ್ರೋಲ್ ಬೇಕು. ಅಷ್ಟೇ ಗಾಳಿ, ಅಂದರೆ ಮೂರು ಚಹಾ ಚಮಚೆಯಷ್ಟು, ಪ್ರತಿ ನಿಮಿಷ ಟ್ಯಾಂಕಿನೊಳಗೆ ಬರುತ್ತಿರಬೇಕು. ಇಷ್ಟಕ್ಕೆ ಸೂಜಿಮೊನೆಯಷ್ಟು ರಂಧ್ರವೇ ಸಾಕಾದ್ದರಿಂದ ತಯಾರಕರು ಅದನ್ನು ಅಷ್ಟು ಚಿಕ್ಕದಾಗಿಯೇ ಇಡುತ್ತಾರೆ. ಚಿಕ್ಕದಾದ್ದರಿಂದಲೇ ಅದು ಬೇಗ ಕಟ್ಟಿಕೊಳ್ಳುತ್ತದೆ.

ರಂಧ್ರ ಪೂರ್ಣ ಮುಚ್ಚದೆ ಅರ್ಧ ಮುಚ್ಚಿದಾಗ ದೋಷ ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ. ನಿಧಾನವಾಗಿ ಹೋದರೆ ಗಾಳಿ ಸಾಲುತ್ತದೆ. ವೇಗ ಹೆಚ್ಚಿಸಿದರೆ, ಏರು ಹತ್ತಿದರೆ ಸಾಲದು. ನಿಂತ ಮೇಲೆ ಹತ್ತು ನಿಮಿಷದಲ್ಲಿ ಗಾಳಿ ಮೆಲ್ಲನೆ ಒಳಸೇರಿ ಪೆಟ್ರೋಲ್ ಮತ್ತೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ನಿಂತಲ್ಲೇ ಓಡಿಸಿದಾಗ ದೋಷ ಕಾಣಿಸದಿರುವುದಕ್ಕೆ ಇದೇ ಕಾರಣ. ಟ್ಯಾಂಕ್ ಭರ್ತಿಯಾಗಿದ್ದಾಗ ಒಳಗಿನ ಗಾಳಿಯ ಜಾಗ ಕಡಿಮೆ ಇರುವುದರಿಂದ ಒತ್ತಡ ಬೇಗನೆ ಕುಸಿಯುತ್ತದೆ. ಆದ್ದರಿಂದ ‘ಫುಲ್ ಟ್ಯಾಂಕ್ ಮಾಡಿಸಿದಾಗಲೇ ಗಾಡಿ ನಿಲ್ಲುತ್ತದೆ’ ಎಂದು ಸವಾರ ದೂರಿದರೆ ಮೆಕ್ಯಾನಿಕ್ ನಗಬಾರದು. ಅದು ಒಳ್ಳೆಯ ಸುಳಿವು.

ಪತ್ತೆ ಹಚ್ಚುವ ಕ್ರಮ

ಬೈಕ್ ನಿಂತ ಕೂಡಲೇ ಸುರಕ್ಷಿತ ಜಾಗಕ್ಕೆ ತಳ್ಳಿಕೊಂಡು ಹೋಗಿ, ಕೀಲಿ ಬಂದ್ ಮಾಡಿ, ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತೆರೆಯಬೇಕು. ಹತ್ತಿರದಲ್ಲಿ ಬೀಡಿ, ಸಿಗರೇಟು ಇರಬಾರದು. ತೆರೆಯುವಾಗ ಗಾಳಿ ‘ಹುಸ್’ ಎಂದು ಒಳಗೆ ಎಳೆದುಕೊಂಡ ಸದ್ದು ಕೇಳಿಸಿದರೆ, ಮತ್ತು ಮುಚ್ಚಳ ಹಾಕಿ ಒಂದೆರಡು ನಿಮಿಷದೊಳಗೆ ಬೈಕ್ ಸಲೀಸಾಗಿ ಚಾಲೂ ಆದರೆ, ಗಾಳಿರಂಧ್ರದ ಮೇಲೆಯೇ ಸಂಶಯಪಡಬೇಕು.

ಗ್ಯಾರೇಜಿನಲ್ಲಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಕಾರ್ಬುರೇಟರಿನ ಕಡೆಯಿಂದ ಪೆಟ್ರೋಲ್ ಪೈಪನ್ನು ಬಿಚ್ಚಿ ಅದರ ತುದಿಯನ್ನು ಪೆಟ್ರೋಲಿಗೆ ತಾಳುವ ಪಾತ್ರೆಯಲ್ಲಿ ಇಟ್ಟು ಕಾಕ್ ತೆರೆಯಬೇಕು. ಮುಚ್ಚಳ ಹಾಕಿದಾಗ ಧಾರೆ ಕ್ರಮೇಣ ಸಣ್ಣದಾಗಿ ಹನಿಗೆ ಇಳಿದು, ಮುಚ್ಚಳ ತೆಗೆದೊಡನೆ ಮತ್ತೆ ದಪ್ಪವಾದರೆ ದೋಷ ಮುಚ್ಚಳದ್ದು. ಮುಚ್ಚಳ ತೆಗೆದರೂ ಧಾರೆ ಸಣ್ಣದೇ ಇದ್ದರೆ ಕಾಕ್, ಅದರ ಜಾಲರಿ ಅಥವಾ ಪೈಪಿನಲ್ಲಿ ಕಸ ಸೇರಿದೆ ಎಂದರ್ಥ. ಎರಡೂ ಸಲ ಧಾರೆ ಚೆನ್ನಾಗಿದ್ದರೆ ಮಾತ್ರ ಕಾರ್ಬುರೇಟರ್ ಬಿಚ್ಚುವ ಯೋಚನೆ ಮಾಡಬೇಕು. ಕೆಲವು ಬೈಕುಗಳ ಕಾಕ್ ಎಂಜಿನ್ ಓಡುವಾಗ ಮಾತ್ರ ತೆರೆದುಕೊಳ್ಳುತ್ತದೆ. ಅಂಥವುಗಳಿಗೆ ಈ ಪರೀಕ್ಷೆಯನ್ನು ಮೆಕ್ಯಾನಿಕ್‌ಗೆ ಬಿಡುವುದು ಲೇಸು.

ಒಂದು ಎಚ್ಚರಿಕೆ ಅಗತ್ಯ. ಕಾಯಿಲ್ ಅಥವಾ ಸಿಡಿಐ ಬಿಸಿಯಾದಾಗ ಕೈಕೊಟ್ಟು, ತಣ್ಣಗಾದಾಗ ಸರಿಹೋಗುವುದೂ ಉಂಟು. ಆಗಲೂ ಬೈಕ್ ನಿಂತು, ಹತ್ತು ನಿಮಿಷದ ನಂತರ ಚಾಲೂ ಆಗುತ್ತದೆ. ಆದರೆ ಕಿಡಿಯ ದೋಷದಲ್ಲಿ ಎಂಜಿನ್ ಹೆಚ್ಚಾಗಿ ಕೀಲಿ ಬಂದ್ ಮಾಡಿದಂತೆ ಥಟ್ಟನೆ ನಿಲ್ಲುತ್ತದೆ. ಪೆಟ್ರೋಲ್ ಸಾಲದಾದಾಗ ಎಳೆತ ಕುಗ್ಗುತ್ತ, ಉಸಿರು ಕಟ್ಟಿದಂತೆ ತಡವರಿಸುತ್ತ ನಿಲ್ಲುತ್ತದೆ. ಚೋಕ್ ಎಳೆದರೆ ಕ್ಷಣಕಾಲ ಚೇತರಿಸಿಕೊಳ್ಳುವುದೂ ಉಂಟು.

ರಂಧ್ರ ಮುಚ್ಚುವುದು ಹೇಗೆ?

ನಮ್ಮ ಭಾಗದಲ್ಲಿ ಕಾರಣಗಳಿಗೆ ಕೊರತೆಯಿಲ್ಲ. ಹೊಲದ ದಾರಿಯ ಧೂಳು ಮುಚ್ಚಳದ ಸಂದಿಯಲ್ಲಿ ಕೂತು, ಪೆಟ್ರೋಲಿನ ಆವಿ ಮತ್ತು ಮಳೆಯ ತೇವ ಸೇರಿ ಕೆಸರಿನಂತೆ ಗಟ್ಟಿಯಾಗುತ್ತದೆ. ಟ್ಯಾಂಕಿನ ಬಣ್ಣ ಕೆಡಬಾರದೆಂದು ಹಾಕಿಸುವ ರೆಕ್ಸಿನ್ ಕವರ್ ಮುಚ್ಚಳದ ಮೇಲೂ ಬಿಗಿಯಾಗಿ ಕೂತರೆ ಗಾಳಿಗೆ ದಾರಿಯಿರುವುದಿಲ್ಲ. ಮಳೆನೀರು ಇಳಿಯದಿರಲೆಂದು ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ ಇಟ್ಟವರು ತಾವೇ ರಂಧ್ರ ಮುಚ್ಚಿದಂತಾಗುತ್ತದೆ. ಹಳೆಯ ರಬ್ಬರ್ ವಾಷರ್ ಉಬ್ಬಿ ರಂಧ್ರಕ್ಕೆ ಅಡ್ಡ ಬರುವುದು, ಒಳಗಿನ ತುಕ್ಕು ಉದುರಿ ಸಿಕ್ಕಿಕೊಳ್ಳುವುದು ಇತರ ಕಾರಣಗಳು. ಗಾಳಿನಳಿಕೆ ಕೆಳಗೆ ಇಳಿದಿರುವ ಬೈಕುಗಳಲ್ಲಿ ಅದರ ತುದಿಗೆ ಕೆಸರು ಮೆತ್ತಿಕೊಳ್ಳಬಹುದು. ಬಹುದಿನ ನಿಲ್ಲಿಸಿಟ್ಟ ಬೈಕಿನ ನಳಿಕೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಲೂಬಹುದು.

ಎಥೆನಾಲ್ ವಿಷಯವನ್ನೂ ಇಲ್ಲಿ ಹೇಳಬೇಕು. ದೇಶದಲ್ಲಿ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ತಲುಪಲಾಯಿತು. ಕಬ್ಬು ಬೆಳೆಯುವ ಬೆಳಗಾವಿ ಜಿಲ್ಲೆಗೆ ಇದು ಸಂತಸದ ಸಂಗತಿಯೇ. ಆದರೆ ಎಥೆನಾಲ್ ತೇವವನ್ನು ಹೀರುವ ಗುಣವುಳ್ಳದ್ದು, ಹಳೆಯ ರಬ್ಬರಿಗೆ ಒಗ್ಗದ್ದು. ಹಳೆಯ ಬೈಕ್ ಇರುವವರು ಮುಚ್ಚಳದ ವಾಷರ್ ಮತ್ತು ಪೈಪುಗಳನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಡನೆ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಬಾರದು.

ಶುಚಿ ಮಾಡುವಾಗ

ಮುಚ್ಚಳವನ್ನು ಟ್ಯಾಂಕಿನಿಂದ ಪೂರ್ತಿ ಬಿಚ್ಚಿ ತೆಗೆದು, ಕಾರ್ಬುರೇಟರ್ ತೊಳೆಯುವ ದ್ರವ ಹಾಕಿ ನೆನೆಸಿ, ನಂತರ ಕಡಿಮೆ ಒತ್ತಡದ ಗಾಳಿ ಹಾಯಿಸಬೇಕು. ಕೆಲವು ಮುಚ್ಚಳಗಳ ಒಳಗೆ ಚಿಕ್ಕ ಗುಂಡು ಅಥವಾ ಕವಾಟವಿರುತ್ತದೆ. ಗಾಳಿಯನ್ನು ಒಳಗೆ ಬಿಡುವುದು, ಬೈಕ್ ಉರುಳಿದಾಗ ಪೆಟ್ರೋಲ್ ಹೊರಚೆಲ್ಲದಂತೆ ತಡೆಯುವುದು ಅದರ ಕೆಲಸ. ಆದ್ದರಿಂದ ತಂತಿ ತೂರಿಸಿ ಕೆದಕುವುದು, ಮೊಳೆಯಿಂದ ರಂಧ್ರ ದೊಡ್ಡದು ಮಾಡುವುದು ಸಲ್ಲದು. ದೊಡ್ಡ ರಂಧ್ರದಿಂದ ಮಳೆನೀರು ಒಳಗಿಳಿಯುತ್ತದೆ, ಬ್ರೇಕ್ ಹಾಕಿದಾಗ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಚಿಮ್ಮುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ನೇರವಾಗಿ ಟ್ಯಾಂಕಿಗೆ ಬಿಡುವುದಂತೂ ಅಪಾಯ. ಟ್ಯಾಂಕಿನ ಬೆಸುಗೆ ಬಿಟ್ಟುಕೊಳ್ಳಬಹುದು. ಶುಚಿ ಮಾಡಿದರೂ ಗಾಳಿ ಹಾಯದಿದ್ದರೆ ಅದೇ ಮಾದರಿಯ ಹೊಸ ಮುಚ್ಚಳ ಹಾಕಿಸುವುದೇ ಸರಿ.

ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ಇನ್ನೊಂದು ರಂಧ್ರವಿರುವ ಬೈಕುಗಳೂ ಇವೆ. ಅದು ಗಾಳಿಗಲ್ಲ, ಮಳೆನೀರು ಹರಿದುಹೋಗಲು ಇರುವುದು. ಅದು ಕಟ್ಟಿಕೊಂಡರೆ ನೀರು ಮುಚ್ಚಳದ ಸುತ್ತ ನಿಂತು ಟ್ಯಾಂಕಿನೊಳಗೆ ಜಿನುಗುತ್ತದೆ. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಬೇಸಿಗೆಯಲ್ಲಿ ತದ್ವಿರುದ್ಧ

ಇದುವರೆಗೆ ಹೇಳಿದ್ದು ಗಾಳಿ ಒಳಬಾರದ ತೊಂದರೆ. ಆವಿ ಹೊರಹೋಗದ ತೊಂದರೆಯೂ ಇದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನ ಟ್ಯಾಂಕ್ ಕಾಯುತ್ತದೆ. 10 ಲೀಟರ್ ಪೆಟ್ರೋಲ್ 20 ಡಿಗ್ರಿಯಿಂದ 45 ಡಿಗ್ರಿಗೆ ಬಿಸಿಯಾದರೆ ಸುಮಾರು ಕಾಲು ಲೀಟರ್ ಹಿಗ್ಗುತ್ತದೆ. ಆವಿಯ ಒತ್ತಡ ಬೇರೆ. ದಾರಿ ಮುಚ್ಚಿದ್ದರೆ ಈ ಒತ್ತಡ ಪೆಟ್ರೋಲನ್ನು ಕಾರ್ಬುರೇಟರಿಗೆ ತಳ್ಳಿ ಅಲ್ಲಿಂದ ಸೋರುವಂತೆ ಮಾಡಬಹುದು. ಬಂಕಿನಲ್ಲಿ ಮುಚ್ಚಳ ತೆರೆದಾಗ ಪೆಟ್ರೋಲ್ ಮುಖಕ್ಕೆ ಎರಚಬಹುದು. ಆದ್ದರಿಂದ ಬಿಸಿಲಲ್ಲಿ ನಿಂತ ಬೈಕಿನ ಮುಚ್ಚಳವನ್ನು ಮುಖ ಹಿಂದಿಟ್ಟುಕೊಂಡು ಮೆಲ್ಲಗೆ ತೆರೆಯಬೇಕು. ಕಂಠಮಟ್ಟ ತುಂಬಿಸದೆ ಹಿಗ್ಗಲು ಜಾಗ ಬಿಡಬೇಕು.

ಹೊಸ ಬೈಕುಗಳಲ್ಲಿ ಈ ಮಾತು ಇನ್ನೂ ಮುಖ್ಯ. ಬಿಎಸ್-6 ನಿಯಮ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲಿನ ಬೈಕುಗಳಲ್ಲಿ ಪೆಟ್ರೋಲಿನ ಆವಿಯನ್ನು ಹೊರಬಿಡದೆ, ಇದ್ದಿಲು ತುಂಬಿದ ಒಂದು ಡಬ್ಬಿಗೆ ಕಳುಹಿಸಲಾಗುತ್ತದೆ. ಎಂಜಿನ್ ಓಡುವಾಗ ಅದು ಆ ಆವಿಯನ್ನು ಹೀರಿ ಉರಿಸುತ್ತದೆ. ಕಂಠಮಟ್ಟ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ಡಬ್ಬಿಗೆ ಹರಿದು ಇದ್ದಿಲು ಕೆಡುತ್ತದೆ. ಬಿಸಿಯಾದಾಗ ಚಾಲೂ ಆಗಲು ಸತಾಯಿಸುವುದು, ಸದಾ ಪೆಟ್ರೋಲ್ ವಾಸನೆ ಬರುವುದು ಇದರ ಲಕ್ಷಣಗಳು. ಇಂಥ ಬೈಕುಗಳ ಟ್ಯಾಂಕಿನಲ್ಲಿ ಪಂಪ್ ಇರುವುದರಿಂದ ಗಾಳಿ ಸಾಲದಿದ್ದರೂ ಎಂಜಿನ್ ಬೇಗ ನಿಲ್ಲುವುದಿಲ್ಲ, ಆದರೆ ಪಂಪಿಗೆ ಶ್ರಮವಾಗುತ್ತದೆ. ಸರ್ವಿಸ್‌ಗಾಗಿ ಟ್ಯಾಂಕ್ ಎತ್ತಿ ಕೂರಿಸಿದ ಮೇಲೆ ದೋಷ ಶುರುವಾಗಿದ್ದರೆ, ಡಬ್ಬಿಯ ನಳಿಕೆ ಮಡಚಿಕೊಂಡಿದೆಯೇ ಎಂದು ಮೊದಲು ನೋಡಬೇಕು.

ನೆರೆಯಲ್ಲಿ ಮುಳುಗಿದ ಬೈಕ್

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿದ್ದನ್ನು ಇಲ್ಲಿನವರು ಮರೆತಿಲ್ಲ. ಗಾಳಿ ಬರುವ ದಾರಿಯೇ ನೆರೆನೀರಿಗೂ ದಾರಿ. ಪೂರ್ತಿ ಮುಳುಗಿದ ಬೈಕಿನ ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಟ್ಯಾಂಕಿಗೆ ನೀರು ಸೇರಿರುವ ಸಂಭವವಿದೆ. ನೀರು ಇಳಿದ ಮೇಲೆ ಆತುರದಿಂದ ಕಿಕ್ ಹೊಡೆಯಬಾರದು. ಮೊದಲು ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಡಬೇಕು. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಪೂರ್ತಿ ಖಾಲಿ ಮಾಡಿಸಬೇಕು. ಎಂಜಿನ್ ಆಯಿಲ್ ಮತ್ತು ಏರ್ ಫಿಲ್ಟರ್ ನೋಡಿಸಿ, ಮುಚ್ಚಳದ ರಂಧ್ರದ ಕೆಸರು ತೆಗೆಸಿದ ನಂತರವೇ ಚಾಲೂ ಮಾಡಬೇಕು.

ಒಟ್ಟಿನಲ್ಲಿ, ಓಡುತ್ತಿದ್ದ ಬೈಕ್ ತಡವರಿಸಿ ನಿಂತರೆ ಮೊದಲು ಪೆಟ್ರೋಲ್ ಇದೆಯೇ ಎಂದು ನೋಡಬೇಕು, ನಂತರ ಮುಚ್ಚಳ ತೆರೆದು ಸದ್ದು ಆಲಿಸಬೇಕು, ನಂತರ ಪೈಪಿನ ಧಾರೆ ಪರೀಕ್ಷಿಸಬೇಕು. ಆಮೇಲೆ ಪ್ಲಗ್, ಕಾಯಿಲ್ ಮತ್ತು ಕಾರ್ಬುರೇಟರ್. ಮೊದಲ ಮೂರಕ್ಕೆ ಒಂದು ರೂಪಾಯಿಯೂ ಬೇಕಿಲ್ಲ. ಗ್ಯಾರೇಜಿಗೆ ಹೋದಾಗ ಎಷ್ಟು ದೂರ ಓಡಿದ ಮೇಲೆ ನಿಂತಿತು, ಥಟ್ಟನೆ ನಿಂತಿತೋ ತಡವರಿಸಿ ನಿಂತಿತೋ, ಮುಚ್ಚಳ ತೆರೆದಾಗ ಸದ್ದು ಬಂತೋ ಎಂಬ ಮೂರು ಮಾತುಗಳನ್ನು ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.