ಶುಲ್ಕಕ್ಕಿಂತ ದೂರವೇ ದುಬಾರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳ ನಡುವಿನ ಒಂಟಿಮನೆಗಳಿಂದ ಪದವಿ ಓದಲು ಹೊರಡುವ ವಿದ್ಯಾರ್ಥಿಗೆ ಪೂರ್ಣ ವಿದ್ಯಾರ್ಥಿವೇತನ ದೊರೆಯದಿದ್ದಾಗ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಶುಲ್ಕಕ್ಕಿಂತ ಪ್ರಯಾಣ ಹಾಗೂ ವಸತಿಯ ವೆಚ್ಚವೇ ಹೆಚ್ಚು ಭಾರವಾಗುತ್ತದೆ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಸಹಕಾರ ಸಾರಿಗೆಯು ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ನೀಡಿ ಈ ಭಾರವನ್ನು ದೀರ್ಘಕಾಲ ತಗ್ಗಿಸಿತ್ತು. 2020ರಲ್ಲಿ ಅದರ ಬಸ್ಸುಗಳು ನಿಂತದ್ದನ್ನು ಮಲೆನಾಡಿನ ಶಿಕ್ಷಣಕ್ಕಾದ ನಷ್ಟವೆಂದೇ ಪರಿಗಣಿಸಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ, ಅಂದರೆ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗಿರುವ ಉಚಿತ ಪ್ರಯಾಣ, ಖಾಸಗಿ ಬಸ್ಸನ್ನೇ ನಂಬಿದ ದಾರಿಗಳಲ್ಲಿ ನೆರವಾಗದು.

ಹೀಗಾಗಿ ಸಣ್ಣ ನೆರವುಗಳನ್ನು ಜೋಡಿಸಿಕೊಳ್ಳುವುದು ಅನಿವಾರ್ಯ. ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯದಲ್ಲಿ ಸ್ಥಾನ ಸಿಗದ ಅರ್ಹರಿಗೆ ಊಟ ಮತ್ತು ವಸತಿಗಾಗಿ ಪ್ರತಿ ತಿಂಗಳಂತೆ ಹತ್ತು ತಿಂಗಳು ಹಣ ನೀಡುವ ಯೋಜನೆಯೇ ವಿದ್ಯಾಸಿರಿ. 2021ರಲ್ಲಿ ಘೋಷಣೆಯಾದ ರೈತ ವಿದ್ಯಾನಿಧಿಯು ರೈತರ ಮಕ್ಕಳಿಗಾಗಿ ಆರಂಭವಾದ ವಾರ್ಷಿಕ ಸಹಾಯಧನ. ಇವೂ ಸಾಲದಾದಾಗ ಉಳಿಯುವ ದಾರಿ ಬ್ಯಾಂಕಿನ ಶಿಕ್ಷಣ ಸಾಲ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದವರೆಗೆ ಅದರ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿ ಬೆಳೆಯುತ್ತಲೇ ಇರುವುದರಿಂದ, ಕೊರತೆ ಬಿದ್ದಷ್ಟು ಮೊತ್ತಕ್ಕೆ ಮಾತ್ರ ಅರ್ಜಿ ಸಲ್ಲಿಸುವುದು ಲೇಸು.